ಹಿಂಡಬಾರದ ಚೀಲ

ಅಮೆರಿಕದ ವರ್ಮಾಂಟಿನ ನಮ್ಮ ಊರಿನ ಮೇಪಲ್ ಪಾಕದ ಸ್ಪರ್ಧೆಯಲ್ಲಿ ಎಲ್ವಿನ್ ಪ್ರೂಟಿ ಸತತವಾಗಿ ಒಂಬತ್ತು ವರ್ಷ ಮೊದಲ ಬಹುಮಾನದ ನೀಲಿ ರಿಬ್ಬನ್ ಗೆದ್ದಿದ್ದ. ಒಂಬತ್ತನ್ನೂ ಪಾಕ ಕಾಯಿಸುವ ತನ್ನ ಗುಡಿಸಲಿನ ಬಾಗಿಲಲ್ಲಿ, ಒಳಗೆ ಬರುವವರ ಮೂಗಿಗೇ ತಾಗುವ ಹಾಗೆ ತೂಗುಹಾಕಿದ್ದ.

ಮಾರ್ಚ್ ಬಂತೆಂದರೆ ಆ ಗುಡಿಸಲಿನಲ್ಲಿ ಎಲ್ವಿನ್ ಒಲೆಗೆ ಸೌದೆ ಒಟ್ಟುತ್ತಿದ್ದ. ಅಗಲವಾದ ಬಾಣಲೆಯಲ್ಲಿ ಮೇಪಲ್ ಮರದಿಂದ ಇಳಿಸಿದ ಸಿಹಿನೀರು ಪಾಕವಾಗುವವರೆಗೆ ಕುದಿಯುತ್ತಿತ್ತು. ಅವನ ಮೂರು ನಾಲ್ಕು ಗೆಳೆಯರು ಕುರ್ಚಿ ಎಳೆದುಕೊಂಡು, ಬಿಯರ್ ಹಿಡಿದು, ಹಬೆ ನೋಡುತ್ತಿದ್ದರು. ಹಬೆ ನೋಡುವುದೂ ಮೈ ಮುರಿಯುವ ಕೆಲಸವೇ ಇರಬೇಕು. ಗಂಟೆಗೊಮ್ಮೆ ಅವರಿಗೆ ಬಿಸಿ ಡೋನಟ್ ಬೇಕಾಗುತ್ತಿತ್ತು.

ಡೋನಟ್ ಕರಿದು ಕಳಿಸುತ್ತಿದ್ದವಳು ಎಲ್ವಿನ್‌ನ ಹೆಂಡತಿ ಬರ್ನಿಸ್. ನಾನು ಅವಳ ಎದುರು ಮನೆಯವಳು. ಇಪ್ಪತ್ತು ವರ್ಷಗಳಿಂದ ಅವಳ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ನೋಡಿದ್ದನ್ನು ಹೇಳುತ್ತಿದ್ದೇನೆ.

ಪಾಕ ಕುದಿದಂತೆ ಅದರೊಳಗೆ ಒಂದು ಬೂದು ಮರಳು ಹುಟ್ಟಿಕೊಳ್ಳುತ್ತದೆ. ಅದನ್ನು ಸೋಸದಿದ್ದರೆ ಪಾಕವಲ್ಲ, ಕೆಸರು. ಸೋಸಬೇಕಾದ ಪಾಕದ ಬಕೆಟ್ಟುಗಳನ್ನು ಎಲ್ವಿನ್ ಅಡುಗೆಮನೆಯ ಹೊಸ್ತಿಲಲ್ಲಿಟ್ಟು, ಅಲ್ಲಿಗೆ ತನ್ನ ಕೆಲಸ ಮುಗಿಯಿತೆಂದು ಕೈ ಕೊಡವುತ್ತಿದ್ದ. ಬರ್ನಿಸ್ ದಪ್ಪ ಉಣ್ಣೆಯ ಚೀಲವನ್ನು ಬಿಸಿನೀರಿನಲ್ಲಿ ನೆನೆಸಿ, ಎರಡು ಕುರ್ಚಿಗಳ ನಡುವೆ ಕೋಲಿಗೆ ಕಟ್ಟಿ, ಸುಡುವ ಪಾಕವನ್ನು ಸುರಿದು ಕಾಯುತ್ತಿದ್ದಳು. ಆರಿದರೆ ಪಾಕ ಇಳಿಯುವುದಿಲ್ಲ. ಮತ್ತೆ ಕುದಿಸಿದರೆ ಹೊಸ ಮರಳು. ಎಷ್ಟೇ ಅವಸರವಿದ್ದರೂ ಚೀಲವನ್ನು ಹಿಂಡುವಂತಿಲ್ಲ. ಹಿಂಡಿದರೆ ತಡೆದಿಟ್ಟ ಮರಳೆಲ್ಲ ಒಮ್ಮೆಲೇ ಕೆಳಗಿಳಿಯುತ್ತದೆ. ಚೀಲಕ್ಕೆ ಸೋಪು ಸೋಕಿಸುವಂತಿಲ್ಲ; ಉಣ್ಣೆ ಆ ವಾಸನೆಯನ್ನು ಸಾಯುವವರೆಗೂ ಬಿಡುವುದಿಲ್ಲ. ಇಳಿದ ಪಾಕವನ್ನು ಬಿಸಿಯಿರುವಾಗಲೇ ಬಾಟಲಿಗೆ ತುಂಬಿ, ಮುಚ್ಚಳ ಬಿಗಿದು, ಕೂಸನ್ನು ಮಲಗಿಸಿದ ಹಾಗೆ ಅಡ್ಡ ಮಲಗಿಸಬೇಕು. ಬರ್ನಿಸ್‌ಳ ಮುಂಗೈಯ ಸುಟ್ಟ ಕಲೆಗಳನ್ನು ನಾನು ಎಣಿಸಿದ್ದೇನೆ. ರಿಬ್ಬನ್ನುಗಳಿಗಿಂತ ಎರಡು ಹೆಚ್ಚಿವೆ.

ಸ್ಪರ್ಧೆಯ ಬಾಟಲಿಗೆ ಕಟ್ಟುವ ಹೆಸರಿನ ಚೀಟಿ ತುಂಬುತ್ತಿದ್ದವಳೂ ಅವಳೇ. ಬರೆಯುವ ಕೆಲಸ ಬಂದಾಗೆಲ್ಲ ಎಲ್ವಿನ್‌ಗೆ ಕನ್ನಡಕ ಸಿಗುತ್ತಿರಲಿಲ್ಲ. ಹತ್ತನೆಯ ವರ್ಷ ಅವಳು ಡೋನಟ್ ತಟ್ಟೆ ಹಿಡಿದು ತಾನೇ ಗುಡಿಸಲಿಗೆ ಹೋದಳು. ಹಿಂದೆಯೇ ನಾನೂ ಹೋದೆ.

"ಎಲ್ವಿನ್, ಈ ಸಲ ಚೀಟೀಲಿ ನನ್ನ ಹೆಸರೂ ಹಾಕ್ತೀನಿ."

"ಯಾಕೆ?"

"ಸೋಸೋಳು, ತುಂಬೋಳು ನಾನಲ್ವಾ?"

ಎಲ್ವಿನ್ ಗೆಳೆಯರ ಮುಖ ನೋಡಿದ. "ಕೇಳಿದ್ರೇನ್ರೋ? ಸೋಸ್ತಾಳಂತೆ! ನೀನು ಸುರೀತೀಯ ಅಷ್ಟೇ ಕಣೇ. ಕೆಳಕ್ಕೆ ಎಳ್ಕೊಳ್ಳೋದು ಭೂಮಿ. ಭೂಮಿ ಹೆಸರೂ ಹಾಕೋಣ್ವಾ ಹಾಗಾದ್ರೆ?"

ಗಂಡಸರು ಬಿಯರ್ ಚೆಲ್ಲುವ ಹಾಗೆ ನಕ್ಕರು. ಬರ್ನಿಸ್ ತಟ್ಟೆಯನ್ನು ಕೆಳಗಿಟ್ಟು, "ಆಗ್ಲಿ, ಹಾಗೇ ಮಾಡೋಣ," ಎಂದು ಬಂದುಬಿಟ್ಟಳು.

ಸ್ಪರ್ಧೆಯ ಪಾಕ ಕಾಯಿಸಿದ ದಿನ ಬಕೆಟ್ಟು ಹೊಸ್ತಿಲಿಗೆ ಬಂದಾಗ ಅವಳು ಕಿಟಕಿಯ ಬಳಿ, ನನ್ನ ಸ್ಟೂಲಿನ ಪಕ್ಕದಲ್ಲೇ ಕೂತು ಕಾಲುಚೀಲ ಹೆಣೆಯುತ್ತಿದ್ದಳು.

"ಪಾಕ ತಂದಿದೀನಿ."

"ನನಗ್ಯಾಕೆ ಹೇಳ್ತೀಯ? ಭೂಮಿಗೆ ಹೇಳು."

ಎಲ್ವಿನ್ ಇದೇನು ಮಹಾ ಎಂದು ಅಂಗಿಯ ತೋಳು ಮಡಚಿದ. ಉಣ್ಣೆಚೀಲ ಅವನ ಕಣ್ಣಿಗೆ ಕೊಳಕಾಗಿ ಕಂಡಿತು. ಮದುವೆಯಾದ ಮೂವತ್ತೊಂದು ವರ್ಷಗಳಲ್ಲಿ ಮೊದಲ ಬಾರಿಗೆ ಬಟ್ಟೆ ಒಗೆಯುವ ಯಂತ್ರ ಎಲ್ಲಿದೆ ಎಂದು ಕೇಳಿದ. ಲ್ಯಾವೆಂಡರ್ ಪರಿಮಳದ ಸೋಪಿನ ಪುಡಿಯನ್ನು ಎರಡು ಹಿಡಿ ಸುರಿದ. ಯಂತ್ರ ನಿಲ್ಲುವಷ್ಟರಲ್ಲಿ ಪಾಕ ಆರಿ ಉಗುರುಬೆಚ್ಚಗಾಗಿತ್ತು. ಚೀಲಕ್ಕೆ ಸುರಿದರೆ ಇಳಿಯಲೊಲ್ಲದು. ಹತ್ತು ನಿಮಿಷಕ್ಕೆ ಒಂದು ಲೋಟವೂ ಆಗಲಿಲ್ಲ. ನೆಲ ಒರೆಸುವ ಬಟ್ಟೆಯನ್ನು ಎಂದೂ ಹಿಂಡದ ಆ ಎರಡು ಕೈಗಳು ಅಂದು ಉಣ್ಣೆಚೀಲದ ಕುತ್ತಿಗೆ ಹಿಡಿದು ಹಿಂಡಿದವು.

'ಹಿಂಡಬೇಡ' ಎಂಬುದು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಬರ್ನಿಸ್ ನನ್ನ ಕಾಲು ತುಳಿದಳು.

"ನೋಡು, ಐದೇ ನಿಮಿಷ! ನೀನು ಇದಕ್ಕೆ ಮಧ್ಯಾಹ್ನವೆಲ್ಲ ತಗೋತಿದ್ದೆ," ಎಂದ ಎಲ್ವಿನ್.

"ನನಗೆ ನಿನ್ನಷ್ಟು ಬುದ್ಧಿ ಎಲ್ಲಿ ಬರಬೇಕು?" ಎಂದು ಬರ್ನಿಸ್ ಹೆಣಿಗೆಯ ಮುಂದಿನ ಸಾಲಿಗೆ ಹೋದಳು. ಬಾಟಲಿ ಮಬ್ಬಾಗಿದೆಯಲ್ಲ ಎಂದು ನಾನು ಕೇಳಿದ್ದಕ್ಕೆ, ಬೆಳಗಾಗುವಷ್ಟರಲ್ಲಿ ತಾನೇ ತಿಳಿಯಾಗುತ್ತದೆ ಎಂದು ಆತ ನನಗೆ ಪಾಠ ಹೇಳಿದ.

ಶನಿವಾರ ಊರಿನ ಸಭಾಂಗಣದಲ್ಲಿ ಸ್ಪರ್ಧೆ. ತೀರ್ಪುಗಾರ ಮುದುಕ ಕ್ಲೈಡ್ ಹ್ಯಾಪ್‌ಗುಡ್ ಬಾಟಲಿಗಳನ್ನು ಒಂದೊಂದಾಗಿ ಕಿಟಕಿಯ ಬೆಳಕಿಗೆ ಹಿಡಿಯುತ್ತ ಬಂದ. ಎಲ್ವಿನ್‌ನ ಬಾಟಲಿ ಹಿಡಿದು ತಲೆಯನ್ನು ಆ ಕಡೆ ಈ ಕಡೆ ಓರೆ ಮಾಡಿದ.

"ಎಲ್ವಿನ್, ಎಲ್ಲರ ಬಾಟಲೀಲೂ ಆಚೆಗಿರೋ ಇಗರ್ಜಿ ಕಾಣ್ತಿತ್ತು ಕಣೋ. ನಿನ್ನದರಲ್ಲಿ ಕಿಟಕಿನೇ ಕಾಣ್ತಿಲ್ಲ."

ಮುಚ್ಚಳ ತೆಗೆದು ಮೂಸಿದ. ಮತ್ತೊಮ್ಮೆ ಮೂಸಿದ.

"ಇದೇನಯ್ಯಾ, ನಿನ್ನ ಮರಗಳೆಲ್ಲ ಸೋಪು ಹಚ್ಕೊಂಡು ಸ್ನಾನ ಮಾಡ್ತವಾ?"

ಆಮೇಲೆ ಬಾಟಲಿಗೆ ಕಟ್ಟಿದ್ದ ಚೀಟಿಯನ್ನು ರೂಢಿಯಂತೆ ಗಟ್ಟಿಯಾಗಿ ಓದಿದ. "ಕಾಯಿಸಿದವರು, ಎಲ್ವಿನ್ ಪ್ರೂಟಿ. ಸೋಸಿದವರು..." ಎಂದು ನಿಂತ. ಕನ್ನಡಕ ಒರೆಸಿಕೊಂಡ. "ಸೋಸಿದವರು, ಭೂಮಿ."

ಮೊದಲು ನಕ್ಕವರು ಹಿಂದೆ ಕಾಫಿ ಬಗ್ಗಿಸುತ್ತಿದ್ದ ಹೆಂಗಸರು. ಎಲ್ವಿನ್‌ನದೊಂದನ್ನು ಬಿಟ್ಟು ಸಭಾಂಗಣದಲ್ಲಿದ್ದ ಪ್ರತಿ ಬಾಟಲಿಯನ್ನೂ ಸೋಸಿದವರು ಅವರೇ ಅಲ್ಲವೇ! ಗಂಡಸರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.

ಆ ವಾರವೆಲ್ಲ ಎಲ್ವಿನ್ ಸಿಕ್ಕಸಿಕ್ಕವರಿಗೆ ಈ ವರ್ಷ ಚಳಿ ಸರಿಯಾಗಿ ಬೀಳಲಿಲ್ಲ, ಮರದ ನೀರೇ ಸರಿಯಿಲ್ಲ ಎಂದು ವಿವರಿಸಿದ. ಸೋಪಿಗೂ ಚಳಿಗೂ ಏನು ಸಂಬಂಧ ಎಂದು ಯಾರೂ ಕೇಳಲಿಲ್ಲ, ನಮ್ಮವರು ಮರ್ಯಾದಸ್ಥರು.

ಬುಧವಾರ ಆ ವರ್ಷದ ಕೊನೆಯ ಪಾಕ. ಬೇಸಿಗೆಯ ಗಿರಾಕಿಗಳಿಗೆ ಹೋಗಬೇಕಾದ ನಲವತ್ತು ಬಾಟಲಿಗಳಿಗಾಗುವಷ್ಟು. ಎಲ್ವಿನ್ ಹಬೆಯಾಡುವ ಬಕೆಟ್ಟುಗಳನ್ನು ತಂದು ಈ ಸಲ ಹೊಸ್ತಿಲಲ್ಲಿ ಇಡಲಿಲ್ಲ. ಒಳಗೇ ಬಂದು, ಟೋಪಿ ತೆಗೆದ.

"ಬರ್ನಿಸ್, ಸ್ವಲ್ಪ ನೋಡ್ತೀಯಾ?"

ಅವಳು ಹೊಸ ಉಣ್ಣೆಚೀಲ ಹೊಲಿದಿಟ್ಟಿದ್ದಳು. ಅದನ್ನು ತೆಗೆಯುವ ಮುಂಚೆ ಬಾಟಲಿಗೆ ಅಂಟಿಸುವ ಚೀಟಿಗಳ ಕಟ್ಟನ್ನು ಮೇಜಿನ ಮೇಲಿಟ್ಟಳು. ಪ್ರತಿಯೊಂದರಲ್ಲೂ 'ಎಲ್ವಿನ್ ಪ್ರೂಟಿಯವರ ಪಾಕ' ಎಂದು ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ಪಕ್ಕದಲ್ಲಿ ಪೆನ್ನು ಇಟ್ಟಳು.

"ಕೆಳಗೆ ಜಾಗ ಇದೆ. ನನ್ನ ಹೆಸರು ಬರಿ."

"ಕನ್ನಡಕ ಎಲ್ಲೋ..."

ಬರ್ನಿಸ್ ಏಪ್ರನ್ನಿನ ಜೇಬಿನಿಂದ ಅವನ ಕನ್ನಡಕ ತೆಗೆದು ಮುಂದೆ ಹಿಡಿದಳು. ಅವನು ಕೂತ. ಸಾಸಿವೆ ಕಾಳಿನಂಥ ಅಕ್ಷರದಲ್ಲಿ ಒಂದು ಚೀಟಿ ಬರೆದು ಕೊಟ್ಟ. ಅವಳು ಅದನ್ನು ನೋಡಿ, ಹರಿದು ಒಲೆಗೆ ಹಾಕಿದಳು.

"ನಿನ್ನ ಹೆಸರಿನಷ್ಟೇ ದೊಡ್ಡದಾಗಿ."

"ಪಾಕ ಆರ್ತಾ ಇದೆ ಕಣೇ!"

"ಹೌದಲ್ಲ. ಬೇಗ ಬರಿ."

ಅವನು ಬರೆದ. ಎರಡನೆಯದು, ಮೂರನೆಯದು. ಅಕ್ಷರಗಳು ಸರಿಯಾಗಿವೆ ಎಂದು ಕಂಡ ಮೇಲೆ ಬರ್ನಿಸ್ ಚೀಲವನ್ನು ಬಿಸಿನೀರಿಗೆ ಅದ್ದಿ, ಕೋಲಿಗೆ ಕಟ್ಟಿ, ಪಾಕ ಸುರಿದಳು. ಹನ್ನೆರಡನೆಯ ಚೀಟಿಗೆ ಎಲ್ವಿನ್ ಬೆರಳು ನೀವಿಕೊಂಡು, ಒಂದೇ ಸಮನೆ ಇದನ್ನೇ ಮಾಡಿದರೆ ಕೈ ಏನಾಗಬೇಕು ಎಂದು ಗೊಣಗಿದ. ಚೀಲದ ತುದಿಯಲ್ಲಿ ಮೊದಲ ಹನಿ ಮೂಡಿತ್ತು, ಬರ್ನಿಸ್ ಅದು ಬೀಳುವುದನ್ನು ಕಾಯುತ್ತಿದ್ದಳು.