ಕೊಟ್ಟು ತರುವ ಮಾತು

ಸಿರಿ, ನಿಹಾರ್, ಬ್ರಿಸ್ಬೇನಿನ ನಿಮ್ಮ ಮನೆಯಲ್ಲಿ ಕಾಫಿ ತಟ್ಟೆ ಹಿಡಿದು ಬರುತ್ತಿದ್ದ ನಿಮ್ಮಜ್ಜಿ ನಾನು ಬಾಗಿಲಲ್ಲೇ ನಿಂತುಬಿಟ್ಟೆ. ನಿಮ್ಮಪ್ಪ ಗೆಳೆಯರೊಂದಿಗೆ ಟಿವಿಯಲ್ಲಿ ಫುಟ್‌ಬಾಲ್ ಪಂದ್ಯ ಹಾಕಿ ನೋಡುತ್ತಾ, ತಂಡದಲ್ಲಿರಲು ಮನಸ್ಸಿಲ್ಲದ ಎಳೆಯ ಆಟಗಾರನೊಬ್ಬನ ಬಗ್ಗೆ ವಾದಿಸುತ್ತಿದ್ದ.

“ಇವನನ್ನ ಕೊಟ್ಟು ಅವರ ಡಿಫೆಂಡರ್‌ನ ತಂದ್ಕೋಬೇಕು ಕಣೋ. ಅಲ್ಲೂ ನಾಲ್ಕು ದಿನ ಮುಖ ಊದಿಸ್ಕೋತಾನೆ, ಆಮೇಲೆ ಹೊಂದ್ಕೋತಾನೆ.”

ನನ್ನನ್ನು ನಿಮ್ಮ ತಾತನಿಗೆ ಕೊಟ್ಟು, ತಾತನ ತಂಗಿಯನ್ನು ನನ್ನಣ್ಣನಿಗೆ ತಂದುಕೊಂಡಾಗ ನನ್ನಪ್ಪ ಜಗಲಿಯಲ್ಲಿ ಆಡಿದ್ದ ಮಾತು ಅದೇ, ದನಿಯೂ ಅದೇ. ನಿಮ್ಮಪ್ಪ ನನ್ನಪ್ಪನನ್ನು ಕಂಡೇ ಇಲ್ಲ.

“ಅವನನ್ನ ಕೇಳಿದ್ರಾ?” ಎಂದು ಯಾರೋ ಅಂದರು. ಎಲ್ಲರೂ ನನ್ನತ್ತ ತಿರುಗಿದಾಗಲೇ ಅದು ನನ್ನ ದನಿಯೆಂದು ತಿಳಿದದ್ದು. ಟಿವಿಯಲ್ಲಿ, ಬೆಂಚಿನ ಮೇಲೆ ಕೂತಿದ್ದ ಆ ಹುಡುಗನೂ ತಲೆಯೆತ್ತಿದ.

ಅಂದು ಅಪ್ಪನ ಮಾತು ಕೇಳುತ್ತಾ ಕದದ ಹಿಂದೆ ನಿಂತು ನುಂಗಿಕೊಂಡ ಈ ಮಾತು ಇಷ್ಟು ವರ್ಷ ಎಲ್ಲಿತ್ತೋ. ನಾನು ಬರೆದಿಟ್ಟ ಈ ಹಾಳೆಯನ್ನು ಜೋಪಾನವಾಗಿಡಿ, ಮಕ್ಕಳೇ.