ಕಡಿಮೆ ಬಿದ್ದ ಮಾಲೀಸು

ಮೈಸೂರಿನಲ್ಲಿ ಫಿಸಿಯೋಥೆರಪಿ ಓದುತ್ತಿದ್ದಾಗ ನಾವು ಕ್ಲಾಸಿನ ಹುಡುಗಿಯರೆಲ್ಲ ಒಂದು ಮಾತಿಗೆ ಮಾತ್ರ ಸಿಡಿದೇಳುತ್ತಿದ್ದೆವು. ಮದುವೆಮನೆಯಲ್ಲಿ ಯಾರಾದರೂ, “ಓ, ಫಿಸಿಯೋನಾ? ಅಂದ್ರೆ ಮಾಲೀಸು ಮಾಡೋದು ಅಲ್ವಾ?” ಅಂದರೆ ಸಾಕು, ಮೈಯೆಲ್ಲ ಉರಿಯುತ್ತಿತ್ತು. ನಾಲ್ಕೂವರೆ ವರ್ಷ ಓದಿ ಮಾಲೀಸಿನವಳು ಅನ್ನಿಸಿಕೊಳ್ಳುವುದೇ? ಕಾಲೇಜಿನಲ್ಲೂ ಆ ವಿಷಯಕ್ಕೆ ಅಷ್ಟೇ ಮರ್ಯಾದೆ. ಚೂಡಿದಾರದ ಮೇಲೆಯೇ ಗೆಳತಿಯ ಬೆನ್ನು ಸವರಿ, ರೆಕಾರ್ಡಿಗೆ ಸಹಿ ಹಾಕಿಸಿಕೊಂಡು ಕ್ಯಾಂಟೀನಿಗೆ ಓಡುತ್ತಿದ್ದೆವು.

ನನ್ನ ಗಂಡ ಎಂಜಿನಿಯರ್. ಜರ್ಮನಿಗೆ ಬರುವಾಗ ಇಲ್ಲಿನವರು ಅವರ ಕಾಲೇಜಿನ ಹೆಸರು ಮಾನ್ಯತೆಯ ಪಟ್ಟಿಯಲ್ಲಿದೆಯೇ ಎಂದು ನೋಡಿದರು, ಮುಗಿಯಿತು. ಯಾವ ಕ್ಲಾಸಿಗೆ ಎಷ್ಟು ಗಂಟೆ ಕೂತಿದ್ದಿರಿ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಪಾಪ, ಏನು ಹೇಳುತ್ತಿದ್ದರೋ! ನನ್ನದು ರೋಗಿಯ ಮೈ ಮುಟ್ಟುವ ವೃತ್ತಿ. ಅದಕ್ಕೆ ಇಲ್ಲಿ ಪರವಾನಗಿ ಬೇಕು, ಅದನ್ನು ಕೊಡುವುದು ಆಯಾ ರಾಜ್ಯದ ಕಚೇರಿ.

ಮೊದಲು ಮ್ಯೂನಿಕ್‌ನಲ್ಲಿದ್ದೆವು. ಅಲ್ಲಿ ನನ್ನ ಊರಿನ ಲೈಸೆನ್ಸ್ ಕೇಳಿದರು. ನಾನು ಕೆಲಸ ಮಾಡುತ್ತಿದ್ದಾಗ ಕರ್ನಾಟಕದಲ್ಲಿ ನಮ್ಮ ವೃತ್ತಿಗೆ ಕೌನ್ಸಿಲ್ಲೇ ಇರಲಿಲ್ಲ; ಡಿಗ್ರಿ ಕೈಗೆ ಬಂದ ಮಾರನೇ ದಿನವೇ ಬೋರ್ಡು ಹಾಕಬಹುದಿತ್ತು. ಪುಣೆಯಿಂದ ಇಲ್ಲಿಗೆ ಬಂದಿದ್ದ ಗೆಳತಿಗೆ ಮಹಾರಾಷ್ಟ್ರದ ನೋಂದಣಿ ಸಂಖ್ಯೆ ಇತ್ತು, ಅವಳ ಅರ್ಜಿ ಸಲೀಸಾಗಿ ನಡೆಯಿತು. ನಮ್ಮಲ್ಲಿ ಲೈಸೆನ್ಸೇ ಇಲ್ಲ ಎಂದು ನಂಬಿಸುವಷ್ಟರಲ್ಲಿ ನನಗೆ ಸಾಕುಸಾಕಾಗಿ ಹೋಯಿತು. ಆಮೇಲೆ ಗಂಡನ ಕೆಲಸ ಸ್ಟುಟ್‌ಗಾರ್ಟ್ ಹತ್ತಿರದ ರೆನ್ನಿಂಗೆನ್‌ಗೆ ಬದಲಾಯಿತು. ರಾಜ್ಯ ಬೇರೆ, ಕಚೇರಿ ಬೇರೆ, ಮತ್ತೆ ಮೊದಲಿನಿಂದ ಶುರು. ಹೊಸ ಕಚೇರಿಯವರು ನಾನು ಓದಿದ ಒಂದೊಂದು ವಿಷಯದ ಗಂಟೆಯನ್ನೂ ಇಲ್ಲಿನ ಮಕ್ಕಳು ಕಲಿಯುವ ಗಂಟೆಯ ಪಕ್ಕ ಇಟ್ಟು ನೋಡಿದರು. ಅನಾಟಮಿ, ನರರೋಗ, ಮೂಳೆರೋಗ ಎಲ್ಲ ಬೇಕಾದಷ್ಟಿತ್ತು. ಕಡಿಮೆ ಬಿದ್ದದ್ದು ಮಾಲೀಸು.

ಆ ಗಂಟೆಗಳನ್ನು ಇಲ್ಲಿನ ವೃತ್ತಿಶಾಲೆಯೊಂದರಲ್ಲಿ ಕೂತು ತುಂಬಿಸಬೇಕಿತ್ತು. ಹೇಳಿಕೊಳ್ಳುವುದಕ್ಕೇ ನಾಚಿಕೆ. ಊರಿನಲ್ಲಿ ಅತ್ತೆ ಕೇಳಿದಾಗ “ಟ್ರೈನಿಂಗು” ಅಂದೆ. ಇಲ್ಲಿನ ಕನ್ನಡದವರು ನನ್ನನ್ನು ಮೊದಲಿನಿಂದಲೂ “ಡಾಕ್ಟ್ರೇ” ಎನ್ನುತ್ತಿದ್ದರು, ಅವರಿಗೆ ಅಷ್ಟೂ ಹೇಳಲಿಲ್ಲ.

ಶಾಲೆಯಲ್ಲಿ ನನಗೆ ಜೊತೆ ಸಿಕ್ಕಿದ್ದು ಆಗ ತಾನೇ ಹೈಸ್ಕೂಲು ಮುಗಿಸಿ ಬಂದಿದ್ದ ಒಬ್ಬ ಹುಡುಗಿ. ಒಬ್ಬರ ಮೇಲೊಬ್ಬರು ಕಲಿಯಬೇಕು. ಅವಳು ಅಂಗಿ ಬಿಚ್ಚಿ, ಬೆನ್ನು ಬರಿದು ಮಾಡಿಕೊಂಡು, ಚಹಾಕ್ಕೆ ಕೂತಷ್ಟೇ ಸಲೀಸಾಗಿ ಮಂಚದ ಮೇಲೆ ಮಲಗಿದಳು. ಕೋಣೆಯಲ್ಲಿ ಹುಡುಗರೂ ಇದ್ದರು, ಅವರೂ ಹಾಗೆಯೇ. ಮರುದಿನ ನನ್ನ ಸರದಿ. ರಾತ್ರಿಯೆಲ್ಲ ಯೋಚಿಸಿ, ಬಾಣಂತನದಲ್ಲಿ ತೊಡುತ್ತಿದ್ದ, ಮುಂದೆ ಗುಂಡಿಯಿರುವ ಹೂವಿನ ನೈಟಿಯನ್ನು ಒಯ್ದು, ಗುಂಡಿಗಳು ಬೆನ್ನಿಗೆ ಬರುವಂತೆ ಹಿಂದುಮುಂದು ತೊಟ್ಟುಕೊಂಡು ಬಂದೆ. ಇಡೀ ತರಗತಿ ನನ್ನನ್ನೇ ನೋಡಿತು. ಹುಡುಗಿ ನಗಲಿಲ್ಲ; “ಚೆನ್ನಾಗಿದೆ” ಎಂದು ಜರ್ಮನ್‌ನಲ್ಲಿ ಹೇಳಿ, ಒಂದೊಂದೇ ಗುಂಡಿ ಬಿಚ್ಚಿದಳು. ನಕ್ಕುಬಿಟ್ಟಿದ್ದರೆ ಎಷ್ಟೋ ವಾಸಿಯಿತ್ತು. ನನ್ನ ವಯಸ್ಸಿಗಿಂತ ನನ್ನ ಮಗಳ ವಯಸ್ಸಿಗೇ ಹತ್ತಿರದವಳು ನನಗೆ ಮರ್ಯಾದೆ ಉಳಿಸಿಕೊಡುತ್ತಿದ್ದಾಳಲ್ಲ ಎಂದು ಮುಖವನ್ನು ಟವೆಲ್ಲಿನಲ್ಲಿ ಹುದುಗಿಸಿ ಮಲಗಿದೆ.

ಮನೆಯಲ್ಲಿ ಅಭ್ಯಾಸಕ್ಕೆ ಸಿಕ್ಕಿದವಳು ನನ್ನ ಒಂಬತ್ತು ವರ್ಷದ ಮಗಳು. ಸ್ನಾನಕ್ಕೆ ಮುಂಚೆ ಚಾಪೆಯ ಮೇಲೆ ಬೋರಲು ಮಲಗುತ್ತಿದ್ದಳು. ನಾನು ಪಾಠ ಒಪ್ಪಿಸುತ್ತಾ ಒತ್ತುತ್ತಿದ್ದೆ. ನನ್ನ ಜರ್ಮನ್ ಉಚ್ಚಾರ ತಪ್ಪಿದರೆ ಮಲಗಿದಲ್ಲಿಂದಲೇ ತಿದ್ದುತ್ತಿದ್ದಳು. “ಅಮ್ಮಾ, ಇನ್ನೊಂಚೂರು ಮೇಲೆ,” ಅನ್ನುತ್ತಿದ್ದಳು. ಯಾವಾಗಲೂ ಜರ್ಮನ್‌ನಲ್ಲೇ ಉತ್ತರ ಕೊಡುವ ಹುಡುಗಿ ಆ ಹೊತ್ತಿನಲ್ಲಿ ಮಾತ್ರ ತಾನಾಗಿ ಕನ್ನಡಕ್ಕೆ ಬರುತ್ತಿದ್ದಳು. ಪರೀಕ್ಷೆಯ ಹಿಂದಿನ ದಿನ ತನ್ನ ಬೆನ್ನಿನ ಮೇಲೆ ನನ್ನಿಂದ ಎಲ್ಲವನ್ನೂ ಒಮ್ಮೆ ಮಾಡಿಸಿ, “ಪಾಸಾಗ್ತೀಯ, ಹೋಗು,” ಎಂದಳು. ಪಾಸಾದೆ. ಈಗ ನಾನು ಈ ದೇಶದ ಯಾವ ರಾಜ್ಯದಲ್ಲಿ ಬೇಕಾದರೂ ಕೆಲಸ ಮಾಡಬಹುದು.

ಅದಾದ ಮೇಲಿನ ಭಾನುವಾರ ಸ್ಟುಟ್‌ಗಾರ್ಟ್‌ನಲ್ಲಿ ಕನ್ನಡದವರ ಊಟ. ನಾನು ಬಿಸಿಬೇಳೆಬಾತ್ ಮಾಡಿಕೊಂಡು ಹೋಗಿದ್ದೆ. ಗಂಡ ಮೊದಲೇ ನಾನು ಪಾಸಾದ ಸುದ್ದಿ ಹಬ್ಬಿಸಿದ್ದರು. ಅವರ ಸಹೋದ್ಯೋಗಿಯೊಬ್ಬರು ತಟ್ಟೆ ಹಿಡಿದುಕೊಂಡೇ ಬಂದರು.

“ಕಂಗ್ರಾಟ್ಸ್ ಡಾಕ್ಟ್ರೇ! ಇಷ್ಟು ದಿನ ಏನ್ ಓದಿಸಿದ್ರು ಈ ಜರ್ಮನ್ನವ್ರು? ನಿಮ್ಗೆ ಗೊತ್ತಿಲ್ದೇ ಇರೋದು ಏನಿತ್ತು?”

ನಾನು ಬಾಯಿ ತೆರೆಯುವ ಮೊದಲೇ ಪಕ್ಕದಲ್ಲಿದ್ದ ಮಗಳು ಎದೆಯುಬ್ಬಿಸಿ ಹೇಳಿದಳು: “ಮಸಾಜ್! ಅಮ್ಮ ಮಸಾಜ್ ಕಲಿತ್ಲು. ನನ್ ಬೆನ್ನ ಮೇಲೇ ಕಲಿತಿದ್ದು.”

ಅಕ್ಕಪಕ್ಕದ ನಾಲ್ಕು ತಲೆ ಈ ಕಡೆ ತಿರುಗಿದವು. ಆ ಸಹೋದ್ಯೋಗಿ ನಗುತ್ತಾ, “ಹಾಗಾದ್ರೆ ನಮ್ದೂ ಒಂದ್ ಬೆನ್ನಿದೆ,” ಅಂದರು. ತಮಾಷೆಯೇ, ಬೇರೇನಿಲ್ಲ. ಆದರೆ ನನಗೆ ಮದುವೆಮನೆಯ ಆ ಹಳೆಯ ಉರಿಯೇ ಎದ್ದು ಬಂತು.

“ಅಯ್ಯೋ, ಇವಳಿಗೇನ್ ಗೊತ್ತು, ಮಕ್ಕಳು! ಮಸಾಜ್ ಅಲ್ಲ, ಮ್ಯಾನ್ಯುಯಲ್ ಥೆರಪಿ. ಅಡ್ವಾನ್ಸ್ಡ್ ಕೋರ್ಸು,” ಎಂದೆ. ಮಗಳ ಕಡೆ ತಿರುಗಿ, “ಗೊತ್ತಿಲ್ದೇ ಇರೋದನ್ನ ಮಾತಾಡ್ಬಾರ್ದು,” ಎಂದು ಗದರಿದೆ ಕೂಡ. ಅವಳ ಮುಖ ಅಷ್ಟಗಲವಿದ್ದದ್ದು ಇಷ್ಟಾಯಿತು. ಊಟ ಮುಗಿಯುವವರೆಗೂ ಅವಳು ನನ್ನ ಹತ್ತಿರ ಬರಲಿಲ್ಲ.

ವಾಪಸು ಬರುವಾಗ ಲೋಕಲ್ ರೈಲು ಎಸ್-ಬಾನ್‌ನಲ್ಲಿ ಗಂಡ ಫೋನ್ ನೋಡುತ್ತಾ ಎದುರಿಗೆ ಕೂತಿದ್ದರು. ಮಗಳು ಕಿಟಕಿಯ ಪಕ್ಕ, ನಾನು ಅವಳ ಪಕ್ಕ. ನನ್ನ ಕಡೆ ತಿರುಗದೆಯೇ ಅವಳು ಕನ್ನಡದಲ್ಲಿ ಕೇಳಿದಳು:

“ಹಾಗಾದ್ರೆ ನನ್ ಬೆನ್ನ ಮೇಲೆ ನೀನು ಮಾಡಿದ್ದು ಏನು?”

“ಮಾಲೀಸು ಕಣೇ,” ಎಂದೆ. “ನೀನು ಹೇಳಿದ್ದೇ ಸರಿ.”

ಮಾತು ಸರಾಗವಾಗಿ, ಗಟ್ಟಿಯಾಗಿಯೇ ಬಂತು. ಅವಳು ತಿರುಗಿ ಬೋಗಿಯನ್ನು ಒಮ್ಮೆ ಉದ್ದಕ್ಕೂ ನೋಡಿದಳು. ಅಲ್ಲಿ ನಮ್ಮನ್ನು ಬಿಟ್ಟರೆ ಕನ್ನಡ ಬಲ್ಲವರು ಯಾರೂ ಇರಲಿಲ್ಲ. ಅದು ಅವಳಿಗೂ ಗೊತ್ತಾಯಿತು. ಮತ್ತೆ ಕಿಟಕಿಯ ಕಡೆ ತಿರುಗಿಕೊಂಡಳು.