ಹರಿದ ಕಿವಿ ಯಾವ ಕಡೆ?

ನಾನು ಬರೆದ ಬೆಕ್ಕುಗಳಿಗೆಲ್ಲ ಮಂಚದ ಕಾಲುಗಳೇ ಬರುತ್ತಿದ್ದವು ಎಂದರೆ ನೀವು ನಗಬಾರದು, ಗೆಳೆಯರೇ. ಮಕ್ಕಳಿಗೆ ಪಾಠ ಹೇಳಿ ನಿವೃತ್ತಳಾದ ಮೇಲೆ ಹೊನ್ನಾವರದ ಮನೆಯಲ್ಲಿ ಕೂತು ಚಿತ್ರ ಕಲಿಯಹೊರಟವಳು ನಾನು. ಪ್ರಾಣಿಗಳನ್ನು ನೆನಪಿನಿಂದ ಬರೆಯಬೇಡಿ, ಫೋಟೋ ಎದುರಿಗಿಟ್ಟುಕೊಂಡು ಬರೆಯಿರಿ, ನೆನಪು ಸುಳ್ಳು ಹೇಳುತ್ತದೆ ಎಂದು ಮೊಬೈಲಿನ ಪಾಠವೊಂದು ನನಗೇ ಬುದ್ಧಿ ಹೇಳಿತು. ಹಾಗೆ ನೋಡಿ ನೋಡಿ ಬರೆಯುತ್ತ, ನನ್ನ ಬೆಕ್ಕುಗಳು ಕೊನೆಗೂ ಕಾಲು ಮಡಚಿ ಕೂತವು.

ಆಗಲೇ ನೆರೆಮನೆಯ ನಾಗವೇಣಿಯ ಬೆಕ್ಕು ಕೆಂಪಿ ಕಾಣೆಯಾದದ್ದು. ಗಂಡ ಬೋಟಿಗೆ ಹೋದ ದಿನಗಳಲ್ಲಿ, ಮೀನು ಮಾರಿ ಬಂದ ನಾಗವೇಣಿ ಬುಟ್ಟಿ ಇಳಿಸುವ ಮೊದಲೇ ಕೂಗಿ ಮಾತಾಡಿಸುತ್ತಿದ್ದುದು ಆ ಬೆಕ್ಕನ್ನು. ಅವಳು ಅದರ ಫೋಟೋ ತೆಗೆಯಹೋದಾಗಲೆಲ್ಲ ಬಾಲವಷ್ಟೇ ಸಿಕ್ಕಿತ್ತು.

"ಅಕ್ಕೋರೆ, ನೀವೇ ಒಂದು ಬರೆದುಕೊಡಿ. ಎಲ್ಲರ ಮೊಬೈಲಿಗೆ ಕಳಸ್ವ. ಎಡಗಿವಿ ಹರಿದದೆ, ಮರೀಬೇಡಿ."

"ಬೆಕ್ಕಿನ ಎಡವೋ, ನೋಡುವವರ ಎಡವೋ?"

ಆಕೆ ತನ್ನ ಒಂದು ಕಿವಿ ಮುಟ್ಟಿಕೊಂಡಳು, ಆಮೇಲೆ ಇನ್ನೊಂದನ್ನು. "ಅದೆಂತದೋ. ಎಡಗಿವಿ ಅಷ್ಟೇ ಗೊತ್ತು."

ಕೂತ ಭಂಗಿಯನ್ನು ಮೊಬೈಲಿನಲ್ಲಿ ಸಿಕ್ಕ ಒಂದು ಬೆಕ್ಕಿನ ಫೋಟೋದಿಂದ, ಮುಖವನ್ನು ಇನ್ನೊಂದರಿಂದ, ಬಣ್ಣವನ್ನು ಮತ್ತೊಂದರಿಂದ ಕಡ ತಂದು, ಕಿವಿಯನ್ನು ನೋಡುವವರ ಎಡಕ್ಕೇ ಹರಿದೆ. ಅಷ್ಟು ಜೀವಂತವಾದ ಬೆಕ್ಕನ್ನು ನಾನು ಅದುವರೆಗೆ ಬರೆದಿರಲಿಲ್ಲ. ಚಿತ್ರ ಊರೂರು ತಿರುಗಿ ಶರಾವತಿಯನ್ನೂ ದಾಟಿತು. ಕೆಲವು ದಿನಗಳ ಮೇಲೆ ಹೊಳೆಯಾಚೆಯ ಕಾಸರಕೋಡಿನಿಂದೊಬ್ಬರು ಮೀನಿನ ಕ್ರೇಟಿನಲ್ಲಿ ಕೆಂಚುಬೆಕ್ಕೊಂದನ್ನು ತಂದು, ಅದರ ಪಕ್ಕಕ್ಕೆ ನನ್ನ ಚಿತ್ರ ಹಿಡಿದು, "ಇದೇ ಅಲಾ?" ಎಂದರು.

ನಾನು ಬಗ್ಗಿ ನೋಡಿದೆ. ಅದೇ ಮುಖ, ಯಾವ ದೇಶದ ಯಾವ ಬೆಕ್ಕಿನಿಂದಲೋ ನಾನು ಎರವಲು ತಂದ ಮುಖ! ಕಿವಿ ಹರಿದದ್ದೂ ಚಿತ್ರದಲ್ಲಿದ್ದ ಕಡೆಯೇ. ನಾಗವೇಣಿ ಬೆಕ್ಕನ್ನು ನೋಡಿದಳು, ಆಮೇಲೆ ಬಹಳ ಹೊತ್ತು ಚಿತ್ರವನ್ನೇ ನೋಡಿದಳು. "ಕೆಂಪೀ" ಎಂದು ಕೈ ಚಾಚಿದಳು. ಅದು ಬಂತು. ಮೀನಿನ ವಾಸನೆಯ ಕೈಗೆ ಯಾವ ಬೆಕ್ಕು ತಾನೇ ಬಾರದು?

"ಇದೇಯ. ಕಿವಿ ಹಾಂಗೇ ಅದೆ," ಎಂದಳು.

ಹಾಂಗೇ ಎಂದರೆ ಯಾವುದರ ಹಾಗೆ? ಕೆಂಪಿಯ ಹಾಗೋ, ನನ್ನ ಚಿತ್ರದ ಹಾಗೋ? ನಮ್ಮ ಕಂಪೌಂಡಿನ ಮೇಲೆ ದಿನವೂ ನಡೆದಾಡುತ್ತಿದ್ದ ಕೆಂಪಿಯನ್ನು ನೆನೆಯಲು ಕಣ್ಣು ಮುಚ್ಚಿದರೆ ನನಗೂ ಕಾಣುವುದು ನಾನು ಬರೆದ ಮುಖವೇ. ಆ ಮುಖದ ಹಿಂದೆ ಇನ್ನೊಂದಿತ್ತು ಎಂಬುದಷ್ಟೇ ಗೊತ್ತು. ಅದು ಹೇಗಿತ್ತೆಂದು ಗೊತ್ತಿಲ್ಲ. ಕಳೆದದ್ದನ್ನು ಹುಡುಕಿಕೊಟ್ಟೆನೋ, ಉಳಿದಿದ್ದಷ್ಟನ್ನೂ ಅಳಿಸಿಬಿಟ್ಟೆನೋ, ನೀವೇ ಹೇಳಿ.

ನಿನ್ನೆ ಸಂಜೆ ಬೆಕ್ಕು ಅವಳ ಮಡಿಲಲ್ಲಿ ಮಲಗಿತ್ತು. ಇನ್ನಾದರೂ ಗೊಂದಲ ಬೇಡವೆಂದು ನಾನು ಫೋಟೋ ತೆಗೆಯಲು ಹೊರಟರೆ, ನಾಗವೇಣಿ ಥಟ್ಟನೆ ಅದರ ಮುಖಕ್ಕೆ ಅಂಗೈ ಮುಚ್ಚಿದಳು.

"ಬೇಡ ಅಕ್ಕೋರೆ," ಎಂದಳು ಮೆಲ್ಲಗೆ. "ಬೇರೆ ಯಾರಾರೂ ಕಂಡು, ತಮ್ದು ಅಂತ ಬಂದ್ರೆ?"

ನಾನು ಮೊಬೈಲನ್ನು ಸೆರಗಿನಡಿ ಸೇರಿಸಿದೆ.